ಕಾರಿನೊಳಗಿನ ಗುಡುಗು: ಒಂದು ಅಧ್ಯಯನ



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಸರದಿ ನನ್ನದು. ಸೌರಮಂಡಲದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದನ್ನು ಹೋದ ವರ್ಷವೇ ಇಬ್ಬರು ಬರೆದಿದ್ದಾರೆ. ಅಷ್ಟರಲ್ಲಿ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ದೊಡ್ಡವರು ತಿದ್ದಬೇಕಾಗಿ ವಿನಂತಿ.

ನಡೆದದ್ದು ಏನು?

ನಮ್ಮ ದೊಡ್ಡಪ್ಪನ ಮಗ ಬಾಡಿಗೆ ಕಾರು ಓಡಿಸುತ್ತಾನೆ. ಅವನ ಕಾರಿನ ಹಿಂದೆ ಬೇರೆ ಡಿಕ್ಕಿ ಇಲ್ಲ. ಹಿಂಬಾಗಿಲು ಎತ್ತಿದರೆ ಸೀಟಿನ ಬೆನ್ನೇ ಕಾಣುತ್ತದೆ. ಆ ಜಾಗದಲ್ಲಿ ಅವನು ಹನ್ನೆರಡು ಇಂಚಿನ ಒಂದು ವೂಫರ್ ಬಾಕ್ಸ್ ಇಡಿಸಿದ್ದ. ಹಾಡು ಹಾಕಿದರೆ ಎದೆಯೊಳಗೆ ಯಾರೋ ನಗಾರಿ ಬಾರಿಸಿದ ಹಾಗೆ ಆಗುತ್ತಿತ್ತು. ಮದುವೆ ದಿಬ್ಬಣದವರಿಗೆ ಇದು ಇಷ್ಟ ಅಂತ, ಈ ಬೇಸಿಗೆಯಲ್ಲಿ ಅಂಥದ್ದೇ ಇನ್ನೊಂದು ಬಾಕ್ಸ್ ತಂದು ಪಕ್ಕದಲ್ಲೇ ಇಡಿಸಿದ.

ಆಶ್ಚರ್ಯ ಅಂದರೆ, ಎರಡಾದ ಮೇಲೆ ಸದ್ದು ಹೆಚ್ಚಾಗಲಿಲ್ಲ, ಕಡಿಮೆಯಾಯಿತು! ಹಾಡು ಕೇಳುತ್ತದೆ, ಆದರೆ ಎದೆಗೆ ಬಡಿಯುವ ಆ ಧುಂ ಇಲ್ಲ. ಹಾಕಿಕೊಟ್ಟ ಅಂಗಡಿಯವರನ್ನು ಕೇಳಿದ್ದಕ್ಕೆ, "ನಿಮ್ಮ ಆಂಪ್ಲಿಫೈಯರ್‌ಗೆ ಎರಡನ್ನು ಎಳೆಯೋ ಶಕ್ತಿ ಇಲ್ಲ. ದೊಡ್ಡದು ಹಾಕ್ಸಿ" ಅಂದರಂತೆ. ಹದಿನೈದು ಸಾವಿರ ರೂಪಾಯಿ ಲೆಕ್ಕ. ಅಣ್ಣ ದೊಡ್ಡಮ್ಮನ ಹತ್ತಿರ ಡೇರಿ ಹಾಲಿನ ದುಡ್ಡು ಕೇಳಿದ. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನು ಓದೋ ಹುಡುಗ ಅಲ್ವಾ, ನೀನೇ ಹೇಳು, ಅದು ಬೇಕೇ ಬೇಕೇನೋ?" ಅಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, "ಹೂಂ ದೊಡ್ಡಮ್ಮ, ಬೇಕು" ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ನಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಭಾನುವಾರ ಕಾರು ತರಿಸು. ಜೊತೆಗೆ ಒಂದು ಟಾರ್ಚ್ ಸೆಲ್ ತಗೊಂಡು ಬಾ" ಅಂದರು.

ಬೇಸ್ ಅಂದರೇನು?

ಶಬ್ದ ಎಂದರೆ ಗಾಳಿಯಲ್ಲಿ ಹರಡುವ ಒತ್ತಡದ ಅಲೆ ಎಂದು ಪಾಠದಲ್ಲಿ ಓದಿದ್ದೇವೆ. ಸ್ಪೀಕರಿನ ಶಂಕು ಮುಂದೆ ಬಂದಾಗ ಗಾಳಿ ಒತ್ತಿಕೊಳ್ಳುತ್ತದೆ, ಇದು ಸಂಪೀಡನ. ಹಿಂದೆ ಹೋದಾಗ ಗಾಳಿ ಸಡಿಲವಾಗುತ್ತದೆ, ಇದು ವಿರಳನ. ಒಂದು ಸೆಕೆಂಡಿಗೆ ಎಷ್ಟು ಸಲ ಹೀಗಾಗುತ್ತದೋ ಅದೇ ಆವೃತ್ತಿ. ಅದರ ಏಕಮಾನ ಹರ್ಟ್ಜ್. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಸಬ್‌ವೂಫರ್ ಹೊರಡಿಸುವುದು ಇದರಲ್ಲಿ ಅತಿ ಕೆಳಗಿನ ಭಾಗವನ್ನು, ಹೆಚ್ಚುಕಡಿಮೆ 20ರಿಂದ 100 ಹರ್ಟ್ಜ್‌ವರೆಗೆ.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ಲೆಕ್ಕ ಹಾಕಿ ನೋಡಿದೆ:

10,000 ಹರ್ಟ್ಜ್: 3.4 ಸೆಂ.ಮೀ.
1,000 ಹರ್ಟ್ಜ್: 34 ಸೆಂ.ಮೀ.
100 ಹರ್ಟ್ಜ್: 3.4 ಮೀ.
40 ಹರ್ಟ್ಜ್: 8.6 ಮೀ.
20 ಹರ್ಟ್ಜ್: 17 ಮೀ.

ಕಾರಿನ ಒಳಗೆ ಮುಂದಿನ ಗಾಜಿನಿಂದ ಹಿಂಬಾಗಿಲಿನ ಗಾಜಿಗೆ ಟೇಪು ಹಿಡಿದು ಅಳೆದೆವು. ಸುಮಾರು ಎರಡೂವರೆ ಮೀಟರ್ ಬಂತು. ಅಂದರೆ 40 ಹರ್ಟ್ಜ್‌ನ ಒಂದು ಅಲೆಯ ಅರ್ಧ ಕೂಡ ಕಾರಿನೊಳಗೆ ಹಿಡಿಸುವುದಿಲ್ಲ! ಇಲ್ಲಿಂದಲೇ ಕಾರಿನ ಬೇಸ್‌ನ ಎಲ್ಲ ವಿಚಿತ್ರಗಳೂ ಶುರುವಾಗುತ್ತವೆ.

ಕಾರು ಒಂದು ಮುಚ್ಚಿದ ಡಬ್ಬ

ಬಯಲಿನಲ್ಲಿ ಸ್ಪೀಕರ್ ಇಟ್ಟರೆ ಅಲೆ ಕೆರೆಯ ನೀರಿನ ಅಲೆಯ ಹಾಗೆ ದೂರ ಹರಡಿ ಹೋಗುತ್ತದೆ. ಬಾಗಿಲು, ಗಾಜು ಎಲ್ಲ ಮುಚ್ಚಿದ ಕಾರಿನಲ್ಲಿ ಅಷ್ಟು ಉದ್ದದ ಅಲೆಗೆ ಹರಡಲು ಜಾಗವೇ ಇಲ್ಲ. ಹಾಗಾದರೆ ಏನಾಗುತ್ತದೆ? ಮೇಷ್ಟ್ರು ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿದರು. ಬೆರಳಿಗೆ ಒತ್ತಡ ತಾಗಿತು. "ವೂಫರ್ ಮಾಡೋದೂ ಇದೇ ಕೆಲಸ. ಕಾರಿನ ಗಾಳಿಯನ್ನೆಲ್ಲ ಒಟ್ಟಿಗೆ ಒತ್ತಿ ಬಿಡ್ತದೆ, ಸೆಕೆಂಡಿಗೆ ನಲವತ್ತು ಸಲ" ಅಂದರು.

ಲೆಕ್ಕ ಹೀಗಿದೆ. ಕಾರಿನೊಳಗಿನ ಗಾಳಿ 3 ಘನ ಮೀಟರ್, ಅಂದರೆ 3,000 ಲೀಟರ್ ಎಂದುಕೊಳ್ಳಿ. ಹನ್ನೆರಡು ಇಂಚಿನ ವೂಫರಿನಲ್ಲಿ ಗಾಳಿ ತಳ್ಳುವ ಭಾಗದ ವಿಸ್ತೀರ್ಣ ಸುಮಾರು 500 ಚದರ ಸೆಂ.ಮೀ. ಅದು 1 ಸೆಂ.ಮೀ. ಮುಂದೆ ಬಂದರೆ ತಳ್ಳಿದ ಗಾಳಿ 500 ಘನ ಸೆಂ.ಮೀ. ಬರೀ ಅರ್ಧ ಲೀಟರ್! 3,000 ಲೀಟರಿನಲ್ಲಿ ಅರ್ಧ ಲೀಟರ್ ಎಂದರೆ ಆರು ಸಾವಿರದಲ್ಲಿ ಒಂದು ಪಾಲು.

ವಾತಾವರಣದ ಒತ್ತಡ ಸುಮಾರು 1,01,325 ಪಾಸ್ಕಲ್. ಗಾಳಿಯನ್ನು ಬೇಗ ಬೇಗ ಒತ್ತಿದಾಗ ಅದು ಬಿಸಿಯೂ ಆಗುವುದರಿಂದ 1.4ರಿಂದ ಗುಣಿಸಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರು. ಗುಣಿಸಿ 6,000ದಿಂದ ಭಾಗಿಸಿದರೆ ಸುಮಾರು 24 ಪಾಸ್ಕಲ್ ಬರುತ್ತದೆ. ನಾವು ಏಣಿ ಹತ್ತಿ ಎರಡು ಮೀಟರ್ ಮೇಲೆ ಹೋದರೂ ಒತ್ತಡದಲ್ಲಿ ಇಷ್ಟೇ ವ್ಯತ್ಯಾಸ! ಆದರೆ ಕಾರಿನಲ್ಲಿ ಅದು ಸೆಕೆಂಡಿಗೆ ನಲವತ್ತು ಸಲ ಏರಿ ಇಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಇದು ಸುಮಾರು 118. ನಿಜವಾದ ಕಾರಿನಲ್ಲಿ ಇಷ್ಟು ಬರುವುದಿಲ್ಲ. ಸಂದುಗಳಲ್ಲಿ ಗಾಳಿ ಸೋರುತ್ತದೆ, ತಗಡು ಮತ್ತು ಗಾಜು ಉಬ್ಬಿ ಕುಗ್ಗುತ್ತವೆ. ಆದರೂ ಪುಟ್ಟ ಕಾರಿನಲ್ಲಿ ಗುಡುಗು ಏಕೆ ಹುಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ವಿಶೇಷವಿದೆ. ಬಯಲಿನಲ್ಲಿ ಆವೃತ್ತಿ ಅರ್ಧವಾದರೆ, ಅಷ್ಟೇ ಶಬ್ದಕ್ಕೆ ಶಂಕು ನಾಲ್ಕು ಪಟ್ಟು ಹೆಚ್ಚು ಅಲ್ಲಾಡಬೇಕು. ಮುಚ್ಚಿದ ಕಾರಿನಲ್ಲಿ ಹಾಗಲ್ಲ. ಅಲ್ಲಾಟ ಅಷ್ಟೇ ಇದ್ದರೆ ಒತ್ತಡವೂ ಅಷ್ಟೇ. ಹೀಗಾಗಿ ಆವೃತ್ತಿ ಇಳಿದಂತೆಲ್ಲ ಕಾರು ತಾನೇ ಬೇಸ್‌ಗೆ ಒತ್ತಾಸೆ ಕೊಡುತ್ತದೆ. ಸಂಪೂರ್ಣ ಬಿಗಿಯಾದ ಡಬ್ಬದಲ್ಲಾದರೆ ಆವೃತ್ತಿ ಪ್ರತಿ ಸಲ ಅರ್ಧವಾದಾಗ 12 ಡೆಸಿಬೆಲ್ ಲಾಭ. ಅದಕ್ಕೇ ಮನೆಯ ಹಾಲ್‌ನಲ್ಲಿ ಸಪ್ಪೆಯಾಗಿದ್ದ ಬಾಕ್ಸ್ ಕಾರಿನಲ್ಲಿ ಗುಡುಗುತ್ತದೆ.

ನಾವು ಮಾಡಿ ನೋಡಿದ್ದು

ಮೇಷ್ಟ್ರ ಮೊಬೈಲಿನಲ್ಲಿ ಬೇಕಾದ ಆವೃತ್ತಿಯ ಸ್ವರ ಹೊರಡಿಸುವ ಆ್ಯಪ್ ಇತ್ತು. ಅದನ್ನು ಕಾರಿನ ಸ್ಟೀರಿಯೋಗೆ ಸೇರಿಸಿ, ಎರಡನೇ ಬಾಕ್ಸಿನ ವೈರು ಬಿಚ್ಚಿಟ್ಟು, ಒಂದೇ ವೂಫರಿನಿಂದ ಸಣ್ಣ ಸದ್ದಿನಲ್ಲಿ ಪರೀಕ್ಷೆ ಮಾಡಿದೆವು.

ಮೊದಲನೆಯದು: 35 ಹರ್ಟ್ಜ್ ಇಟ್ಟಾಗ ಮುಂದಿನ ಸೀಟಿನಲ್ಲಿ ಕೂತರೂ ಹಿಂದೆ ಕೂತರೂ ಸದ್ದು ಹೆಚ್ಚುಕಡಿಮೆ ಒಂದೇ. ಡಬ್ಬದೊಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಣ್ಣು ಮುಚ್ಚಿದರೆ ಗೊತ್ತೇ ಆಗಲಿಲ್ಲ. ನಮ್ಮ ಎರಡು ಕಿವಿಗಳ ನಡುವೆ ಒಂದು ಗೇಣಿನಷ್ಟೂ ಅಂತರವಿಲ್ಲ, ಅಲೆಯಾದರೋ ಹತ್ತು ಮೀಟರ್ ಹತ್ತಿರ. ಎರಡೂ ಕಿವಿಗೆ ಒಂದೇ ಸುದ್ದಿ ಮುಟ್ಟುತ್ತದೆ. ಅದಕ್ಕೇ ವೂಫರನ್ನು ಹಿಂದೆ ಇಟ್ಟರೂ ನಡೆಯುತ್ತದೆ.

ಎರಡನೆಯದು: ಒಂದು ಬಾಗಿಲು ತೆರೆದ ಕೂಡಲೇ ಆ ಒತ್ತಡ ಇಳಿದುಹೋಯಿತು. ಡಬ್ಬದ ಮುಚ್ಚಳ ತೆಗೆದ ಹಾಗೆ.

ಮೂರನೆಯದು: 70 ಹರ್ಟ್ಜ್ ಹತ್ತಿರ ಬಂದಾಗ ವಿಚಿತ್ರ! ಹಿಂದಿನ ಗಾಜಿಗೆ ತಲೆ ಒರಗಿಸಿದರೆ ಜೋರು, ಕಾರಿನ ನಡುವಿಗೆ ಬಾಗಿದರೆ ಸಪ್ಪೆ. 343ನ್ನು 70ರಿಂದ ಭಾಗಿಸಿದರೆ 4.9 ಮೀಟರ್, ಅದರ ಅರ್ಧ ಎರಡೂವರೆ ಮೀಟರಿಗೆ ಹತ್ತಿರ. ಅಂದರೆ ಸರಿಯಾಗಿ ಅರ್ಧ ಅಲೆ ಕಾರಿನ ಉದ್ದಕ್ಕೆ ಕೂತುಬಿಟ್ಟಿದೆ. ಹೋಗುವ ಅಲೆ, ಗಾಜಿಗೆ ಬಡಿದು ಬರುವ ಅಲೆ ಎರಡೂ ಸೇರಿ ನಿಂತ ಅಲೆಯಾಗುತ್ತದೆ. ತುದಿಗಳಲ್ಲಿ ಒತ್ತಡ ಹೆಚ್ಚು, ನಡುವೆ ಕಡಿಮೆ. ಹಗ್ಗ ತಿರುಗಿಸಿ ಜಿಗಿಯುವ ಆಟದಲ್ಲಿ ಹಗ್ಗ ಒಂದೇ ಆಕಾರದಲ್ಲಿ ನಿಂತ ಹಾಗೆ ಕಾಣುವುದಿಲ್ಲವೇ, ಇದೂ ಅದೇ ಜಾತಿ.

ನಾಲ್ಕನೆಯದು ಎಲ್ಲರಿಗೂ ಅನುಭವವಿರಬಹುದು. ಓಡುವ ಕಾರಿನಲ್ಲಿ ಹಿಂದಿನ ಒಂದೇ ಕಿಟಕಿ ಇಳಿಸಿದರೆ ಕಿವಿಗೆ ಧಪ ಧಪ ಎಂದು ಬಡಿಯುತ್ತದೆ. ಹಾಡೇ ಇರುವುದಿಲ್ಲ, ಆದರೂ ಬೇಸ್! ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಹೂಂ ಎನ್ನುತ್ತದಲ್ಲ, ಇದೂ ಅದೇ. ಕಾರು ಬಾಟಲಿ, ಕಿಟಕಿ ಬಾಯಿ, ಊದುವುದು ಗಾಳಿ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ (1821–1894) ಇಂಥ ಅನುರಣನೆಯನ್ನು ಅಭ್ಯಾಸ ಮಾಡಿದ್ದರಿಂದ ಅದಕ್ಕೆ ಅವರ ಹೆಸರೇ ಇದೆ. ಇನ್ನೊಂದು ಕಿಟಕಿಯನ್ನೂ ಸ್ವಲ್ಪ ಇಳಿಸಿದರೆ ಸಾಮಾನ್ಯವಾಗಿ ಬಡಿತ ಕಡಿಮೆಯಾಗುತ್ತದೆ.

ಬಾಕ್ಸ್ ಏಕೆ ಬೇಕು?

ಬರೀ ವೂಫರನ್ನು ಕೈಯಲ್ಲಿ ಹಿಡಿದು ಹಾಡಿಸಿದರೆ ಬೇಸ್ ಬರುವುದಿಲ್ಲ. ಶಂಕು ಮುಂದೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಮುಂದಿನ ಗಾಳಿ ಅಂಚು ಸುತ್ತಿ ಹಿಂದಕ್ಕೆ ನುಗ್ಗಿ ಎರಡೂ ಸರಿಹೋಗುತ್ತವೆ. ಕೂಡಿದ್ದು ಒಂದು, ಕಳೆದದ್ದು ಒಂದು, ಉಳಿದದ್ದು ಸೊನ್ನೆ. ಹಿಂದಿನ ಅಲೆಯನ್ನು ಕೂಡಿಹಾಕಲೆಂದೇ ಬಾಕ್ಸ್.

ಬಾಕ್ಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಪೂರ್ತಿ ಮುಚ್ಚಿದ್ದು ಒಂದು. ಅದರೊಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಶಂಕನ್ನು ಹಿಡಿತದಲ್ಲಿಡುತ್ತದೆ. ಅಮೆರಿಕದ ಎಡ್ಗರ್ ವಿಲ್ಚುರ್ 1954ರಲ್ಲಿ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಹೊರಡಿಸಿ ತೋರಿಸಿದರು. ಇನ್ನೊಂದು ಬಗೆಯಲ್ಲಿ ಕೊಳವೆಯಂಥ ಬಾಯಿ ಇರುತ್ತದೆ. ಅದು ನಮ್ಮ ಬಾಟಲಿಯ ತತ್ವವೇ. ಒಂದು ಗೊತ್ತಾದ ಆವೃತ್ತಿಯ ಸುತ್ತ ಕೊಳವೆಯ ಗಾಳಿಯೂ ಜೊತೆಗೆ ಹಾಡಿ ಸದ್ದು ಹೆಚ್ಚಿಸುತ್ತದೆ. ಆದರೆ ಆ ಆವೃತ್ತಿಗಿಂತ ತೀರಾ ಕೆಳಗೆ ಹೋದರೆ ಗಾಳಿಯ ಹಿಡಿತ ತಪ್ಪಿ, ಶಂಕು ಅತಿಯಾಗಿ ಅಲ್ಲಾಡಿ ಹಾಳಾಗುವ ಭಯವಿದೆ. ಅಣ್ಣನ ಎರಡೂ ಬಾಕ್ಸ್ ಮುಚ್ಚಿದ ಬಗೆಯವು.

ಟಾರ್ಚ್ ಸೆಲ್ಲಿನ ಪರೀಕ್ಷೆ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಮೇಷ್ಟ್ರು ಮೊದಲು ಬ್ಯಾಟರಿ ಹತ್ತಿರದ ಫ್ಯೂಸ್ ತೆಗೆಸಿದರು. ಆಂಪ್ಲಿಫೈಯರಿನಿಂದ ಎರಡು ಬಾಕ್ಸಿನ ವೈರುಗಳನ್ನೂ ಬಿಚ್ಚಿಸಿದರು. ಮೊದಲನೇ ಬಾಕ್ಸಿನ ಕೆಂಪು ವೈರನ್ನು ಒಂದೂವರೆ ವೋಲ್ಟಿನ ಸೆಲ್ಲಿನ ಧನ ತುದಿಗೂ ಕಪ್ಪು ವೈರನ್ನು ಋಣ ತುದಿಗೂ ಒಂದು ಕ್ಷಣ ಮುಟ್ಟಿಸಿದರು. ಪಟ್ ಎಂದು ಶಂಕು ಹೊರಕ್ಕೆ ಬಂತು. ಎರಡನೇ ಬಾಕ್ಸಿಗೂ ಹಾಗೇ ಮುಟ್ಟಿಸಿದರು. ಪಟ್ ಎಂದು ಶಂಕು ಒಳಕ್ಕೆ ಹೋಯಿತು!

ಮೇಷ್ಟ್ರು ನಕ್ಕು, "ಏನಪ್ಪಾ, ಕನ್ನಡ ಪಾಠದಲ್ಲಿ ಒಂದು ಗಾದೆ ಇದೆಯಲ್ಲ?" ಅಂದರು. ನನಗೆ ಆಗ ಹೊಳೆಯಿತು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ವೂಫರ್ ಅರ್ಧ ಲೀಟರ್ ಗಾಳಿ ತಳ್ಳಿದರೆ, ಪಕ್ಕದ್ದು ಅದೇ ಹೊತ್ತಿಗೆ ಅರ್ಧ ಲೀಟರ್ ಎಳೆದುಕೊಳ್ಳುತ್ತಿತ್ತು. ಒಟ್ಟು ಕಾರಿನ ಗಾಳಿಗೆ ಆದದ್ದೇನೂ ಇಲ್ಲ. ಎರಡರ ನಡುವೆ ಎರಡು ಅಡಿ ಅಂತರ, ಅಲೆ ಎಂಟು ಮೀಟರ್. ಹೀಗಾಗಿ ಒಂದನ್ನೊಂದು ಚೆನ್ನಾಗಿ ಅಳಿಸಿಹಾಕುತ್ತವೆ. ಮುಂದಿನ ಬಾಗಿಲಿನ ಸ್ಪೀಕರುಗಳು ಸರಿಯಾಗಿದ್ದವು, ಅದಕ್ಕೇ ಹಾಡು ಕೇಳುತ್ತಿತ್ತು, ಬೇಸ್ ಮಾತ್ರ ಮಾಯ.

ಎರಡನೇ ಬಾಕ್ಸಿನ ಸ್ಕ್ರೂ ಬಿಚ್ಚಿ ನೋಡಿದೆವು. ಒಳಗೆ ಕೆಂಪು ವೈರು ಋಣ ತುದಿಗೆ, ಕಪ್ಪು ವೈರು ಧನ ತುದಿಗೆ ಸೇರಿತ್ತು. ಅದಲು ಬದಲು ಮಾಡಿ, ಸೆಲ್ಲಿನಿಂದ ಮತ್ತೊಮ್ಮೆ ನೋಡಿ, ಎಲ್ಲ ಜೋಡಿಸಿ ಹಾಡು ಹಾಕಿದೆವು. ಕಾರಿನ ಕನ್ನಡಿ ನಡುಗಿತು. ಅಣ್ಣ ಬಾಯಿಬಿಟ್ಟು ನಿಂತ.

ದೊಡ್ಡ ಆಂಪ್ಲಿಫೈಯರ್ ಹಾಕಿಸಿದ್ದರೆ?

ಇದು ದುಡ್ಡಿನ ಲೆಕ್ಕವಾದ್ದರಿಂದ ಗಮನವಿಟ್ಟು ಓದಿ. ವಿದ್ಯುತ್ ಶಕ್ತಿ ಎರಡು ಪಟ್ಟಾದರೆ ಶಬ್ದ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಒಂದೇ ತಾಳದಲ್ಲಿ ಕುಣಿಯುವ ಎರಡು ವೂಫರ್ ತಳ್ಳುವ ಗಾಳಿ ಒಂದರ ಎರಡು ಪಟ್ಟು, ಆಗ ಒತ್ತಡವೂ ಎರಡು ಪಟ್ಟು, ಅಂದರೆ 6 ಡೆಸಿಬೆಲ್ ಲಾಭ. ಅದೇ 6 ಡೆಸಿಬೆಲ್‌ನ್ನು ಒಂದೇ ವೂಫರಿನಿಂದ ಪಡೆಯಲು ನಾಲ್ಕು ಪಟ್ಟು ಶಕ್ತಿ ಬೇಕು. ಇನ್ನು ವಿರುದ್ಧವಾಗಿ ಎಳೆಯುವ ಜೋಡಿಗೆ ಎಷ್ಟು ಶಕ್ತಿ ಕೊಟ್ಟರೂ ಎರಡೂ ಅಷ್ಟಷ್ಟೇ ಜೋರಾಗಿ ಜಗಳವಾಡುತ್ತವೆ, ಅಷ್ಟೆ.

ಮೇಲಾಗಿ ಕಾರಿನ ಬ್ಯಾಟರಿ 12 ವೋಲ್ಟಿನದು. 500 ವ್ಯಾಟ್ ಎಳೆದರೆ ಸುಮಾರು 42 ಆಂಪಿಯರ್ ವಿದ್ಯುತ್ ಹರಿಯಬೇಕು. ಸಣ್ಣ ವೈರು ಬಿಸಿಯಾಗಿ ಸುಡಬಹುದು. ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಇವಿಲ್ಲದೆ ದೊಡ್ಡ ಆಂಪ್ಲಿಫೈಯರ್ ಕೂರಿಸುವುದು ಬೆಂಕಿಯ ಜೊತೆ ಆಟ. ಹದಿನೈದು ಸಾವಿರ ಕೊಟ್ಟು ಈ ತೊಂದರೆಯನ್ನು ಮನೆಗೆ ತರಿಸಲು ನಾನೇ "ಹೂಂ" ಅಂದಿದ್ದೆನಲ್ಲ ಎಂದು ನೆನೆದರೆ ಈಗಲೂ ಮುಖ ತಗ್ಗುತ್ತದೆ.

ಹೊರಗಿನವರ ಪಾಡು

ಕಾರು ದೂರದಲ್ಲಿ ಬರುವಾಗ ಹಾಡಿನ ಮಾತು ಕೇಳುವುದಿಲ್ಲ, ಧುಂ ಧುಂ ಮಾತ್ರ ಕೇಳುತ್ತದೆ. ಏಕೆ? ಗಾಜು, ತಗಡು ಹೆಚ್ಚಿನ ಆವೃತ್ತಿಯ ಸದ್ದನ್ನು ಚೆನ್ನಾಗಿ ತಡೆಯುತ್ತವೆ, ಕಡಿಮೆ ಆವೃತ್ತಿಯದನ್ನು ತಡೆಯಲಾರವು. ತಗಡೇ ಅಲ್ಲಾಡಿ ಹೊರಗಿನ ಗಾಳಿಯನ್ನು ತಳ್ಳುತ್ತದೆ. ಮನೆಯ ಗೋಡೆ, ಕಿಟಕಿಗಳಿಗೂ ಇದೇ ಕಷ್ಟ. ಅಣ್ಣ ರಾತ್ರಿ ಬಾಡಿಗೆ ಮುಗಿಸಿ ಬಂದಾಗ ನಮ್ಮ ಅಡಿಗೆಮನೆಯ ಸ್ಟೀಲ್ ತಟ್ಟೆಗಳು ಗಳಗಳ ಎನ್ನುತ್ತಿದ್ದುದು ಇದರಿಂದಲೇ. ಅಜ್ಜಿ ಎದ್ದು ಕೂತು, "ಮಳೆ ಬಂತೇನೋ" ಅನ್ನುತ್ತಿದ್ದರು.

ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ಅವುಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ಶಾಲೆ, ಆಸ್ಪತ್ರೆಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯಕ್ಕೆ ಮಿತಿ ಇನ್ನೂ ಕಡಿಮೆ, ಹಗಲು 50, ರಾತ್ರಿ 40.

ಕೊನೆಯದಾಗಿ ಕಿವಿಯ ಮಾತು

ನಮ್ಮ ಕಿವಿ ಬೇಸ್‌ಗೆ ಮಂದ. 1,000 ಹರ್ಟ್ಜ್ ಸ್ವರ ಸೊನ್ನೆ ಡೆಸಿಬೆಲ್ ಹತ್ತಿರವೇ ಕೇಳಲು ಶುರುವಾದರೆ, 20 ಹರ್ಟ್ಜ್ ಕೇಳಲು 75 ಡೆಸಿಬೆಲ್‌ಗೂ ಹೆಚ್ಚು ಬೇಕು. ಅದಕ್ಕೇ ಬೇಸ್ ಸಾಲದು ಎಂದು ಗುಂಡಿ ತಿರುಗಿಸುತ್ತಲೇ ಹೋಗುತ್ತೇವೆ. ಆಗ ಬೇಸ್ ಜೊತೆಗೆ ಹಾಡುವವರ ದನಿ, ತಾಳದ ಸದ್ದು ಎಲ್ಲವೂ ಏರುತ್ತವೆ. ಕಿವಿಯ ಅಳತೆಯ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರುವುದೇ ಕೆಲಸಗಾರರಿಗೆ ಮೇಲಿನ ಮಿತಿ ಎಂದು ತಜ್ಞರು ಇಟ್ಟಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ!

ಒಳಗಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೂದಲ ಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗದ್ದೆಯ ಪೈರಲ್ಲ, ಮುಂದಿನ ಮಳೆಗೆ ಚಿಗುರಲು. ಈ ಮಾತು ಹೇಳಿದಾಗ ಅಣ್ಣ ಸುಮ್ಮನಾದ. ಆಮೇಲೆ ಮೆಲ್ಲಗೆ, "ರಾತ್ರಿ ಮಲಗಿದಾಗ ಕಿವೀಲಿ ಕುಂಯ್ ಅಂತದೆ ಕಣೋ, ಯಾರಿಗೂ ಹೇಳಿರ್ಲಿಲ್ಲ" ಅಂದ. ಮೇಷ್ಟ್ರು ಅವನಿಗೆ ಕಿವಿ ಡಾಕ್ಟರನ್ನು ಕಾಣಲು ಹೇಳಿದರು. ಅವನು ಹೋಗಿ ತೋರಿಸಿಕೊಂಡು ಬಂದಿದ್ದಾನೆ. ಈಗ ಸ್ಟೀರಿಯೋದಲ್ಲಿ ಅಂಕಿ ಹದಿನೈದು ದಾಟಿಸುವುದಿಲ್ಲ. ಊರ ಬಾಗಿಲಿಗೆ ಬಂದರೆ ವೂಫರ್ ಬಂದ್. ದೊಡ್ಡಮ್ಮನ ಹಾಲಿನ ದುಡ್ಡು ಪೆಟ್ಟಿಗೆಯಲ್ಲೇ ಇದೆ.

ಸ್ನೇಹಿತರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಅವಮಾನವಲ್ಲ ಎಂದು ನಾನು ಕಲಿತೆ. ನೀವು ಮಾಡಿ ನೋಡಲು ಮೂರು ಕೆಲಸ ಕೊಟ್ಟು ಲೇಖನ ಮುಗಿಸುತ್ತೇನೆ.

1. ಹಳೇ ರೇಡಿಯೋದ ಸ್ಪೀಕರಿಗೆ ಸೆಲ್ಲನ್ನು ಒಂದೇ ಕ್ಷಣ ಮುಟ್ಟಿಸಿ ಶಂಕು ಯಾವ ಕಡೆ ಹೋಗುತ್ತದೆ ನೋಡಿ. ವೈರು ಬದಲಿಸಿ ಮತ್ತೆ ನೋಡಿ. ಹೆಚ್ಚು ಹೊತ್ತು ಹಿಡಿದರೆ ಸುರುಳಿ ಬಿಸಿಯಾಗುತ್ತದೆ.
2. ಖಾಲಿ ಬಾಟಲಿಗೆ ಊದಿ, ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಸ್ವರ ಏರುತ್ತದೋ ಇಳಿಯುತ್ತದೋ ಬರೆದಿಡಿ.
3. ನಮ್ಮ ತರಗತಿಯ ಕೋಣೆಯ ಉದ್ದ ಅಳೆದು, ಯಾವ ಆವೃತ್ತಿಯ ಅರ್ಧ ಅಲೆ ಅದರಲ್ಲಿ ಸರಿಯಾಗಿ ಕೂರುತ್ತದೆ ಎಂದು ಲೆಕ್ಕ ಹಾಕಿ.

ಉತ್ತರಗಳನ್ನು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

ಹತ್ತನೇ ತರಗತಿಯ ವಿದ್ಯಾರ್ಥಿ